ಮೂವತ್ತೈದನೇ ಕಿಲೋಮೀಟರಿನ ಬಾಟಲಿ

ಕಂದಿಯೆ ಆ ಮಾತನ್ನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ. ಹನ್ನೊಂದು ವರ್ಷವಾಯಿತು. ಇಟೆನ್ ಪೇಟೆಯ ಮುಖ್ಯರಸ್ತೆಯಲ್ಲಿ ಅವನ ಚಹಾದಂಗಡಿ ಇದೆ; ಬೆಳಗಿನ ಓಟ ಮುಗಿಸಿದವರೆಲ್ಲ ಬೆವರು ಆರುವ ಮುಂಚೆಯೇ ಬಂದು ಹಾಲುಚಹಾ, ಚಪಾತಿಗೆ ಕೂರುವುದು ಅಲ್ಲೇ. ಅಷ್ಟು ಜನರ ಎದುರಿಗೆ, ಕೆಟಲಿನಿಂದ ಚಹಾ ಬಗ್ಗಿಸುತ್ತ, ಮೋಡ ಮಳೆಯ ವಿಷಯ ಹೇಳುವವನ ಹಾಗೆ ಅಂದಿದ್ದ: "ಯಾತಿಚ್‌ಗೇನು ಕಮ್ಮಿ ಬಿಡ್ರಪ್ಪಾ. ಒಂದು ಮೋಟರ್‌ಬೈಕಿಗೆ ಹೆಂಡ್ತಿ ಓಟಾನೇ ಮಾರ್ಕೊಂಡ."

ಆ ಮೋಟರ್‌ಬೈಕನ್ನು ಕಂಡವರು ಯಾರೂ ಇಲ್ಲ. ಇದ್ದರೆ ತಾನೇ ಕಾಣಲು? ಯಾತಿಚ್‌ಗೆ ಆಗಲೂ ಹಳೇ ಸೈಕಲ್ಲೇ ಗತಿ, ಈಗಲೂ ಅದೇ. ಅವತ್ತು ಕೈಯಲ್ಲಿದ್ದ ಬಿಸಿ ಚಹಾವನ್ನು ಕಂದಿಯೆಯ ಎದೆಗೆ ಎರಚಿ, ಬೆಂಚು ಒದ್ದು ಹೊರಟ. ಹಿರಿಯರು ಕೂತು ಯಾತಿಚ್‌ಗೆ ಒಂದು ಕುರಿ ದಂಡ ಹಾಕಿದರು. ಸುಟ್ಟ ಚರ್ಮಕ್ಕೆ ಕುರಿ ಸಿಕ್ಕಿತು. ಸುಡುವಂಥ ಮಾತು ಆಡಿದ್ದಕ್ಕೆ ಯಾರೂ ಏನೂ ಹಾಕಲಿಲ್ಲ. ಅಂದಿನಿಂದ ಯಾತಿಚ್ ಆ ಅಂಗಡಿಯ ಮುಂದೆ ಹಾಯುವುದಿಲ್ಲ. ಸಂತೆಗೆ ಹೋಗಬೇಕಾದರೂ ಜೋಳದ ಗಿರಣಿಯ ಹಿಂದಿನ ಕೆಸರು ದಾರಿಯಲ್ಲಿ ಸುತ್ತಿ ಹೋಗುತ್ತಾನೆ.

ಯಾತಿಚ್ ಓದಿದ್ದು ನಾಲ್ಕನೇ ತರಗತಿ. ಆಮೇಲೆ ಓಡಿದ. ಈ ಊರಲ್ಲಿ ಓಡದವರು ಯಾರಿದ್ದಾರೆ? ಆದರೆ ಅವನದು ಗೆಲ್ಲುವ ಓಟವಲ್ಲ. ದೊಡ್ಡ ಓಟಗಳಲ್ಲಿ ಮೊದಲ ಮೂವತ್ತು ಕಿಲೋಮೀಟರು ಎಲ್ಲರ ಮುಂದೆ ಓಡಿ, ಗಾಳಿಗೆ ಎದೆಕೊಟ್ಟು, ಗಡಿಯಾರ ನೋಡಿಕೊಂಡು ವೇಗ ಕಾಯ್ದು, ಆಮೇಲೆ ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲುವ ಕೆಲಸ. ಇಂಥವರನ್ನು ಮೊಲ ಅನ್ನುತ್ತಾರೆ. ಆರು ವರ್ಷ ಮೊಲವಾಗಿದ್ದ. ಅಷ್ಟು ವರ್ಷದಲ್ಲಿ ಒಂದು ಸಲವೂ ಮುಕ್ತಾಯದ ಗೆರೆ ತುಳಿಯಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಮೊಲದ ಕೆಲಸವೂ ಹೋಯಿತು.

ಅಷ್ಟು ಹೊತ್ತಿಗೆ ಅವನ ಹೆಂಡತಿ ಜೆಮೈಯೊ ಓಡತೊಡಗಿದ್ದಳು. ಕೆಂಪು ಮಣ್ಣಿನ ದಾರಿಯಲ್ಲಿ ಅವಳ ಹಿಂದೆ ಮೊದಲ ದಿನ ಸೈಕಲ್ ತುಳಿದಾಗಲೇ ಯಾತಿಚ್‌ಗೆ ಗೊತ್ತಾಗಿಹೋಯಿತು. ಅವಳ ಕಾಲು ನೆಲಕ್ಕೆ ಬೀಳುತ್ತಿರಲಿಲ್ಲ, ನೆಲವೇ ಅವಳನ್ನು ಎತ್ತಿ ಎತ್ತಿ ಮುಂದಕ್ಕೆ ಕೊಡುತ್ತಿತ್ತು. ಅವತ್ತು ಮನೆಗೆ ಬಂದವನೇ ತನ್ನ ಹಳೇ ಬೂಟುಗಳನ್ನು ತಮ್ಮನಿಗೆ ಕೊಟ್ಟುಬಿಟ್ಟ. ಇನ್ನು ಮನೆಯಲ್ಲಿ ಓಡುವವರು ಒಬ್ಬರೇ. ಮಿಕ್ಕದ್ದೆಲ್ಲ ತನ್ನ ಪಾಲು.

ಮಿಕ್ಕದ್ದು ಅಂದರೆ ಸಣ್ಣದೇನಲ್ಲ. ಬೆಳಕು ಹರಿಯುವ ಮುಂಚೆ ಚಹಾ ಕಾಯಿಸುವುದು, ಸೈಕಲಿನಲ್ಲಿ ಬೆನ್ನುಹತ್ತುವುದು, ಬಂದಮೇಲೆ ಅವಳ ಮೀನಖಂಡ ತಿಕ್ಕುವುದು, ಮೆಕ್ಕೆಜೋಳದ ಮುದ್ದೆ ಉಗಾಲಿ ತಿರುವುವುದು, ಸೊಪ್ಪು ಬೇಯಿಸುವುದು, ಮಗಳು ಚೆರೊಪ್ ಹುಟ್ಟಿದ ಮೇಲೆ ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಹಾಲು ಕರೆಯುವುದು. ಬೂಟು ತೊಳೆದು, ಒಳಗೆ ಹಳೇ ಪೇಪರು ತುರುಕಿ, ಬಿಸಿಲು ಸರಿದಂತೆಲ್ಲ ಸರಿಸಿ ಒಣಗಿಸುವುದು. ನಲ್ಲಿಯ ಹತ್ತಿರ ಅವನು ಬೂಟಿನ ಬಕೆಟು ಹಿಡಿದು ಬಂದರೆ ಹೆಂಗಸರಿಗೆ ಹಬ್ಬ.

"ಬಂದಳಮ್ಮಾ ಜೆಮೈಯೊ ಮನೆ ಸೊಸೆ!"

"ಏನೇ ಸೊಸೆ, ಅತ್ತೆ ಕಾಟ ಜಾಸ್ತೀನಾ? ಕೈಯೆಲ್ಲ ಸುಕ್ಕುಗಟ್ಟಿದೆ."

"ನಿಮ್ ಗಂಡಂದಿರು ಒಗೆದಿದ್ರೆ ನೀವೂ ಓಡ್ತಿದ್ರಿ ಕಣ್ರೇ," ಯಾತಿಚ್ ಕೂಗುತ್ತಿದ್ದ. "ಈಗ ನೋಡಿ, ನಲ್ಲಿ ತನಕ ಬರೋಕೇ ಏದುಸಿರು!"

ಅವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಆದರೆ ಬೂಟು ತಿಕ್ಕುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಅವನ ನಿಜವಾದ ಕಸುಬು ಬಾಟಲಿಯದು. ಜೇನು, ಉಪ್ಪು, ಕಡುಚಹಾ, ಅಂಗಡಿಯ ಸಿಹಿಪುಡಿ, ಯಾವುದು ಎಷ್ಟು ಹಾಕಿದರೆ ಜೆಮೈಯೊಳ ಹೊಟ್ಟೆ ತಿರುಗುವುದಿಲ್ಲ ಎನ್ನುವುದನ್ನು ಎರಡು ವರ್ಷ ತಾನೂ ಕುಡಿದು, ಅವಳಿಗೂ ಕುಡಿಸಿ ಕಂಡುಕೊಂಡಿದ್ದ. ಬರೀ ನೀರು ಕುಡಿದರೆ ಅವಳಿಗೆ ಮೂವತ್ತು ದಾಟಿದ ಮೇಲೆ ಪಕ್ಕೆ ಹಿಡಿಯುತ್ತಿತ್ತು. ಓಡುವವಳ ಕೈಗೆ ಬಾಟಲಿ ಸಿಗುವುದೂ ಸುಲಭದ ಮಾತಲ್ಲ. ಸೈಕಲ್ ಚಕ್ರದ ಹಳೇ ಕಡ್ಡಿಗಳನ್ನು ಬಗ್ಗಿಸಿ, ಕೊಡದ ಕಿವಿಯ ಹಾಗೆ ಹಿಡಿಕೆ ಮಾಡಿ, ಬಾಟಲಿಯ ಕತ್ತಿಗೆ ಅಂಟುಪಟ್ಟಿಯಿಂದ ಏಳು ಸುತ್ತು ಬಿಗಿದು, ಮೇಲೆ ಕೆಂಪು ಉಣ್ಣೆ ಸುತ್ತುತ್ತಿದ್ದ. ಕಣ್ಣಿಗೂ ಕಾಣಬೇಕು, ಬೆರಳಿಗೂ ಸಿಗಬೇಕು. ಹಿತ್ತಲ ದಾರಿಯಲ್ಲಿ ನಿಂತು ನೂರಾರು ಸಲ ಅಭ್ಯಾಸ ಮಾಡಿಸಿದ. ಕೊಡುವವನ ಕೈ ನಿಂತಿರಬಾರದು, ಅವಳ ಜೊತೆ ನಾಲ್ಕು ಹೆಜ್ಜೆ ಓಡಬೇಕು.

"ಬಾಯಿ ಬಿಡ್ಬೇಡ. ಕೂಗಿದ್ರೆ ಉಸಿರು ದಂಡ. ನೀನು ಕೈ ಚಾಚು ಸಾಕು, ಬಾಟ್ಲಿ ಅಲ್ಲಿರುತ್ತೆ."

"ಇಲ್ದಿದ್ರೆ?" ಜೆಮೈಯೊ ನಗುತ್ತಿದ್ದಳು.

"ಇಲ್ದಿದ್ರೆ ನಾನು ಸತ್ತಿದೀನಿ ಅಂತ ತಿಳ್ಕೊ."

ಅದೇ ಹಿತ್ತಲಲ್ಲಿ ಕಬೊನ್ ಕೂಡ ಕಲಿತಳು. ಕಬೊನ್ ಯಾತಿಚ್‌ನ ಅಕ್ಕನ ಮಗಳು. ಕೆಳಗೆ ಕೆರಿಯೊ ಕಣಿವೆಯಲ್ಲಿ ಆಡು ಮೇಯಿಸುತ್ತಿದ್ದವಳು. ಹದಿನೆಂಟಕ್ಕೆ ಗುಡ್ಡ ಹತ್ತಿ ಬಂದು ಎರಡು ವರ್ಷ ಇವರ ಅಡುಗೆಮನೆಯಲ್ಲಿ ಮಲಗಿದಳು. ಅವಳ ಕಾಲಿಗೆ ಮೊದಲ ಓಟದ ಬೂಟು ಹಾಕಿಸಿದ್ದು ಜೆಮೈಯೊ, ತನ್ನದೇ ಜೋಡಿ. ಹುಡುಗಿ ಮಾತಿನ ಮಲ್ಲಿ. "ಮಾವಾ, ಅತ್ತೆ ಬೂಟು ತೊಳೀತೀಯಲ್ಲ, ನನ್ದೂ ಅದರ ಜೊತೆ ಅದ್ದಿ ತೆಗಿ!" ಅನ್ನುವಳು. ಯಾತಿಚ್ ಬೈಯುತ್ತಲೇ ತೊಳೆಯುತ್ತಿದ್ದ. ತೊಳೆಯದೆ ಏನು ಮಾಡಿಯಾನು? ಅಕ್ಕನ ಮಗು ಕೇಳಿದ್ದನ್ನು ಸೋದರಮಾವ ಇಲ್ಲ ಎನ್ನುವಂತಿಲ್ಲ. ಅದರಲ್ಲೂ ಹೊಟ್ಟೆಗೆ, ಬಾಯಾರಿಕೆಗೆ ಕೇಳಿದ್ದನ್ನು ಎಂದೂ ಇಲ್ಲ ಎನ್ನಬಾರದು. ಇಲ್ಲ ಅಂದರೆ ಕೆಡುಕು ಯಾರ ಮೈಗೆ ಅಂಟುತ್ತದೋ ಹೇಳಲಾಗದು ಎಂದು ಹಾಲು ಕುಡಿಯುವಾಗಿನಿಂದ ಕೇಳಿ ಬೆಳೆದವನು. ಆಮೇಲೆ ಕಬೊನ್‌ಳನ್ನು ಓಟಗಾರರ ದೊಡ್ಡ ತರಬೇತಿ ಶಿಬಿರವೊಂದು ಸೇರಿಸಿಕೊಂಡಿತು. ಬಿಳಿಯ ಮ್ಯಾನೇಜರು, ಬಿಸಿನೀರಿನ ಸ್ನಾನ, ತಿಕ್ಕಲು ಬೇರೆ ಆಳು. ಜೆಮೈಯೊ ಕಣ್ಣೊರೆಸಿಕೊಂಡು ಕಳಿಸಿಕೊಟ್ಟಳು.

ಆಯ್ಕೆ ಓಟದ ವರ್ಷ ಜೆಮೈಯೊಗೆ ಮೂವತ್ತನಾಲ್ಕು. ನಾಲ್ಕು ವರ್ಷಕ್ಕೊಮ್ಮೆ ಬರುವ ಜಗತ್ತಿನ ದೊಡ್ಡ ಕೂಟಕ್ಕೆ ದೇಶದಿಂದ ಮ್ಯಾರಥಾನಿಗೆ ಮೂವರು ಹೆಂಗಸರು. ಆ ಮೂವರನ್ನು ಆರಿಸಲು ನೈರೋಬಿಯಲ್ಲಿ ಒಂದು ಓಟ. ಹಿಂದಿನ ಸಲ ಅವಳ ಹೊಟ್ಟೆಯಲ್ಲಿ ಚೆರೊಪ್ ಇದ್ದಳು. ಮುಂದಿನ ಸಲಕ್ಕೆ ಮೂವತ್ತೆಂಟಾಗುತ್ತದೆ. ಇದೊಂದೇ.

"ಚೆರೊಪ್ ಅಪ್ಪಾ," ಹೊರಡುವ ಮುನ್ನ ಬೂಟಿನ ದಾರ ಪೋಣಿಸುತ್ತ ಕೇಳಿದ್ದಳು, "ಆಗದೇ ಹೋದ್ರೆ?"

"ಆಗದೇ ಹೋದ್ರೆ ಅನ್ನೋ ಮಾತು ಈ ಮನೇಲಿ ಇಲ್ಲ."

"ನಿನ್ ಮನೇಲಿ ಯಾವ ಮಾತಿದೆ ಹೇಳು, ಬೈಗುಳ ಬಿಟ್ರೆ," ಎಂದು ದಾರದ ತುದಿಯಿಂದ ಅವನ ಮೂಗಿಗೆ ಹೊಡೆದಳು. ಅವರಿಬ್ಬರೂ ಹಾಗೆ ನಕ್ಕದ್ದು ಅದೇ ಕೊನೆ.

ಓಟದ ಬೆಳಿಗ್ಗೆ ಬಾಟಲಿ ತೋರಿಸುವ ಕಡೆಯೇ ತಕರಾರು ಶುರುವಾಯಿತು. ಏಳು ಕಿಲೋಮೀಟರಿನ ಸುತ್ತು, ಅಂಥ ಆರು ಸುತ್ತು. ಸುತ್ತು ಮುಗಿದಾಗೊಮ್ಮೆ ಅದೇ ಮೇಜು; ಅದರ ಪಕ್ಕ ನಿಂತು ತಮ್ಮವರ ಕೈಗೆ ಬಾಟಲಿ ಕೊಡಬಹುದು. ಕೊನೆಯ ಸುತ್ತು ಮುಗಿಯುವುದು ಗೆರೆಯಲ್ಲೇ ಆದ್ದರಿಂದ ಐದು ಬಾಟಲಿ ಬೇಕು. ಯಾತಿಚ್ ಆರು ತಂದಿದ್ದ, ಒಂದು ಹೆಚ್ಚಿಗೆ. ಮೇಜಿನ ಅಧಿಕಾರಿ ಒಂದನ್ನೆತ್ತಿ ತಿರುಗಿಸಿ ನೋಡಿದ.

"ಹಿಡಿಕೆ ಉದ್ದ ಆಯ್ತು. ಬೇರೆಯವರಿಗೆ ಚುಚ್ಚುತ್ತೆ. ಗಿಡ್ಡ ಮಾಡ್ಕೊಂಡ್ ಬಾ."

"ಚುಚ್ಚುತ್ತಾ? ಹತ್ತು ವರ್ಷದಿಂದ ಯಾರಿಗೂ ಚುಚ್ಚಿಲ್ಲ, ಇವತ್ತು ನಿನ್ ಕಣ್ಣಿಗ್ ಚುಚ್ತಾ?"

"ಬಾಯಿ ಮಾಡಿದ್ರೆ ಒಂದೂ ತಗೊಳ್ಳಲ್ಲ."

ಯಾತಿಚ್ ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆರೂ ಹಿಡಿಕೆ ಕಿತ್ತ, ಬಗ್ಗಿಸಿದ, ಮತ್ತೆ ಬಿಗಿದ. ನಾಲ್ಕನ್ನು ಸರಿಯಾಗಿ ಬಿಗಿದ. ಅಷ್ಟರಲ್ಲಿ ಅಧಿಕಾರಿ ನಿಂತಲ್ಲಿಂದಲೇ "ಬೇಗ, ಬೇಗ, ಇದೇನು ನಿನ್ನ ಹಟ್ಟೀನಾ?" ಅಂದ. ಯಾತಿಚ್‌ನ ತಲೆ ಕೆಟ್ಟಿತು. ಐದನೆಯದಕ್ಕೆ ಏಳು ಸುತ್ತಿನ ಜಾಗದಲ್ಲಿ ಎರಡೇ ಸುತ್ತು ಸುತ್ತಿ, ಮೇಲೆ ಉಣ್ಣೆ ಎಳೆದು ಮುಚ್ಚಿ, ಅಂಟುಪಟ್ಟಿಯ ಸುರುಳಿಯನ್ನು ಅಧಿಕಾರಿಯ ಕಾಲ ಬುಡಕ್ಕೆ ಎಸೆಯಲು ಹೋಗಿ ತಡೆದುಕೊಂಡ. ಆರನೆಯದನ್ನು ಮಾತ್ರ ಮತ್ತೆ ಸಮಾಧಾನವಾಗಿ ಬಿಗಿದ. ಐದನೆಯದನ್ನು ಬಿಚ್ಚಿ ಮತ್ತೆ ಮಾಡಬೇಕು ಅಂದುಕೊಂಡ. ಅಂದುಕೊಂಡದ್ದು ಜನರ ಗದ್ದಲದಲ್ಲಿ ಎಲ್ಲೋ ಹೋಯಿತು.

ಏಳು, ಹದಿನಾಲ್ಕು, ಇಪ್ಪತ್ತೊಂದು. ಮೂರು ಸಲವೂ ಅವಳು ಕೈ ಚಾಚಿದಳು, ಬಾಟಲಿ ಅಲ್ಲಿತ್ತು. ಬಿಸಿಲು ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು. ಇಬ್ಬರು ಆಗಲೇ ಬಹಳ ಮುಂದೆ ಹೋಗಿದ್ದರು. ಅವರ ಹೆಸರು ಪಟ್ಟಿಗೆ ಬಿದ್ದ ಹಾಗೇ. ಉಳಿದದ್ದು ಒಂದು ಜಾಗ. ಅದಕ್ಕೆ ಕಬೊನ್ ಮತ್ತು ಜೆಮೈಯೊ, ಅತ್ತೆ ಸೊಸೆ, ಒಬ್ಬರ ನೆರಳು ಒಬ್ಬರು ತುಳಿಯುತ್ತ ಬರುತ್ತಿದ್ದರು.

ಇಪ್ಪತ್ತೆಂಟರಲ್ಲಿ ಜೆಮೈಯೊ ಹಿಡಿಕೆಗೆ ಬೆರಳು ತೂರಿಸಿದಳು, ಎರಡು ಹೆಜ್ಜೆ ಹೋದಳು, ಬಾಟಲಿ ನೆಲಕ್ಕೆ ಬಿತ್ತು. ಅವಳು ತಿರುಗಿ ನೋಡುವ ಹೊತ್ತಿಗೆ ಯಾತಿಚ್ ಕಂಕುಳಲ್ಲಿದ್ದ ಹೆಚ್ಚಿನ ಬಾಟಲಿ ಹಿಡಿದು, ಅಧಿಕಾರಿಯ ಸೀಟಿಯನ್ನೂ ಲೆಕ್ಕಿಸದೆ ಕುಂಟುಕಾಲಲ್ಲಿ ಓಡಿ ಕೈಗೆ ಮುಟ್ಟಿಸಿದ್ದ. ಅವಳು ಕುಡಿಯುತ್ತ ಹೋದಳು. ಅವನು ವಾಪಸು ಬರುವಾಗ ಬಿದ್ದ ಬಾಟಲಿಯನ್ನು ಎತ್ತಿಕೊಂಡ. ಸೀಳಿಹೋಗಿತ್ತು, ಒಳಗೆ ಹನಿ ಇರಲಿಲ್ಲ. ಹಿಡಿಕೆ ಅದರಲ್ಲಿರಲಿಲ್ಲ. ಹಿಡಿಕೆ ನಾಲ್ಕು ಹೆಜ್ಜೆ ಮುಂದೆ, ಅವಳ ಬೆರಳಿಂದ ಅವಳಿಗೇ ತಿಳಿಯದೆ ಜಾರಿದ ಕಡೆ ಬಿದ್ದಿತ್ತು. ಅಂಟುಪಟ್ಟಿಯ ಎರಡೇ ಎರಡು ಸುತ್ತು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡು ನೇತಾಡುತ್ತಿತ್ತು. ಅವಳು ಬಿಟ್ಟಿರಲಿಲ್ಲ. ಅವಳು ಹಿಡಿದೇ ಇದ್ದಳು. ಯಾತಿಚ್ ಅತ್ತಿತ್ತ ನೋಡಿ, ಹಿಡಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಮೂವತ್ತೈದಕ್ಕೆ ಅವನ ಕೈಯಲ್ಲಿ ಒಂದೇ ಬಾಟಲಿ ಉಳಿದಿತ್ತು.

ಇಬ್ಬರಲ್ಲಿ ಮೊದಲು ಬಂದವಳು ಕಬೊನ್. ಹತ್ತು ಹೆಜ್ಜೆ ಹಿಂದೆ ಜೆಮೈಯೊ. ಕಬೊನ್‌ಳ ಬಾಟಲಿ ಮೇಜಿನ ಮೇಲೆ ಇರಲಿಲ್ಲ. ಮುಂದೆ ಹೋದವರ ಮೊಣಕೈ ತಾಗಿ ಉರುಳಿ ಚರಂಡಿ ಸೇರಿತ್ತು, ಅವಳ ಶಿಬಿರದ ಆಳು ಚರಂಡಿಗೆ ಕೈಹಾಕಿ ಹುಡುಕುತ್ತಿದ್ದ. ಹುಡುಗಿಯ ತುಟಿ ಬಿಳಿಚಿತ್ತು. ಖಾಲಿ ಮೇಜು ನೋಡಿದಳು, ಯಾತಿಚ್‌ನನ್ನು ನೋಡಿದಳು.

"ಮಾವಾ! ನೀರು!"

ಕೈ ಹೋಗಿಬಿಟ್ಟಿತು. ಯೋಚನೆ ಆಮೇಲೆ ಬಂತು. ಕೈ ನಾಲ್ಕು ಹೆಜ್ಜೆ ಓಡಿತು, ಕಲಿಸಿದ ಹಾಗೆಯೇ, ಅಚ್ಚುಕಟ್ಟಾಗಿ. ಕಬೊನ್ ಕಲಿತ ಹಾಗೆಯೇ ಬೆರಳು ತೂರಿಸಿ ಎತ್ತಿಕೊಂಡು ಹೋದಳು. ಅವನು ತಿರುಗುವಷ್ಟರಲ್ಲಿ ಜೆಮೈಯೊ ಬಂದಿದ್ದಳು. ಬಾಯಿ ಬಿಡಲಿಲ್ಲ. ಮುಂದೆ ನೋಡುತ್ತಲೇ ಕೈ ಚಾಚಿದಳು. ಚಾಚಿದ ಕೈ ಗಾಳಿಯಲ್ಲಿ ಒಂದು ಸಲ ಮುಚ್ಚಿತು, ಬಿಚ್ಚಿತು, ಮತ್ತೆ ಮುಚ್ಚಿತು. ಆಮೇಲೆ ಅವಳು ಅವನ ಮುಖ ನೋಡಿದಳು. ಒಂದೇ ಸಲ.

ಅವನು ಪಕ್ಕದ ಮೇಜಿನಿಂದ ಬರೀ ನೀರಿನ ಲೋಟ ಹಿಡಿದು ಅರಚುತ್ತ ಓಡಿದ. ಅಧಿಕಾರಿಗಳಿಬ್ಬರು ಅಂಗಿ ಹಿಡಿದು ಎಳೆದರು. ಆ ಕೈಗಳನ್ನು ಕೊಡವಿಕೊಳ್ಳುವ ಹೊತ್ತಿಗೆ ಅವಳು ತಿರುವು ದಾಟಿದ್ದಳು.

ಕಬೊನ್ ಮೂರನೆಯವಳು. ಜೆಮೈಯೊ ನಾಲ್ಕನೆಯವಳು, ಹನ್ನೊಂದು ಸೆಕೆಂಡು ಹಿಂದೆ, ಎಡಪಕ್ಕೆಯನ್ನು ಒಂದು ಕೈಯಲ್ಲಿ ಅವುಚಿ ಹಿಡಿದುಕೊಂಡು.

ಮೈದಾನದ ಬೇಲಿಯ ಹತ್ತಿರ, ನೆಲದ ಮೇಲೆ ಕೂತು ಅವಳು ಬೂಟು ಬಿಚ್ಚುತ್ತಿದ್ದಳು. ಎಂದೂ ತಾನಾಗಿ ಬಿಚ್ಚಿದವಳಲ್ಲ. ಅದು ಯಾತಿಚ್‌ನ ಕೆಲಸ. ಅವನು ಬಂದು ಬಗ್ಗಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಯಾಕೆ ಕೊಟ್ಟೆ?" ಅಷ್ಟೇ ಕೇಳಿದಳು. ದನಿ ಎತ್ತರಿಸಲೂ ಇಲ್ಲ.

ಹೇಳಬೇಕಿದ್ದ ಮಾತು ಅವನ ಬಾಯಲ್ಲಿತ್ತು. ಕೈ ಹೋಗಿಬಿಡ್ತು ಕಣೇ, ನನ್ನ ತಪ್ಪು, ಎರಡೂ ನನ್ನ ತಪ್ಪು ಅನ್ನಬೇಕಿತ್ತು. ಆದರೆ ಯಾತಿಚ್‌ನ ಬಾಯಿಗೆ ಯಾವಾಗಲೂ ಮೊದಲು ಬರುವುದು ಸಿಟ್ಟು. ಅಧಿಕಾರಿಗಳನ್ನು ಬೈದ, ಶಿಬಿರದವರನ್ನು ಬೈದ, ಬಿಸಿಲನ್ನು ಬೈದ. ಅವಳು ಮತ್ತೆ ಕೇಳಿದಳು, "ಅವೆಲ್ಲ ಇರ್ಲಿ. ನಂದು ಯಾಕೆ ಕೊಟ್ಟೆ?"

"ಇಪ್ಪತ್ತೆಂಟರಲ್ಲಿ ನೀನು ಬೀಳಿಸದೇ ಇದ್ದಿದ್ರೆ!" ಅವನು ಕಿರುಚಿದ. ಬೇಲಿಯ ಆಚೆಯವರೂ ತಿರುಗಿ ನೋಡಿದರು. "ನಿನ್ ಕೈ ನೆಟ್ಟಗಿದ್ದಿದ್ರೆ ನನ್ ಹತ್ರ ಎರಡಿರ್ತಿತ್ತು! ಒಂದವಳಿಗೆ, ಒಂದ್ ನಿನಗೆ! ಬೀಳಿಸಿದ್ದು ಯಾರು? ನಾನಾ?"

ಹಿಡಿಕೆ ಅವನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಜೆಮೈಯೊ ತನ್ನ ಬಲಗೈಯನ್ನು ಮೇಲೆತ್ತಿ, ಅಂಗೈ ತಿರುಗಿಸಿ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿಕೊಂಡಳು. "ಹೌದಲ್ವಾ," ಅಂದಳು. "ಬೀಳಿಸಿದ್ದು ನಾನೇ."

ಊರಿಗೆ ಬಂದ ಮೇಲೆ ಕಂದಿಯೆಯ ಮಾತು, ಚಹಾ, ಕುರಿ, ಎಲ್ಲ ಆಯಿತು. ಅದೆಲ್ಲ ಯಾತಿಚ್‌ಗೆ ಸುಲಭವಾಗಿತ್ತು. ಸುಳ್ಳಿನ ಮೇಲೆ ಸಿಟ್ಟು ಮಾಡುವುದಕ್ಕೆ ಏನು ಕಷ್ಟ? ದೊಡ್ಡ ಕೂಟದಲ್ಲಿ ಕಬೊನ್ ಎರಡನೆಯವಳಾದಳು. ಅವಳು ಬಂದಿಳಿದ ದಿನ ಊರಿಗೆ ಊರೇ ಹಾಡಿತು, ಕೊರಳಿಗೆ ಹಸಿರು ಬಳ್ಳಿ ಹಾಕಿತು, ಒಳಗೆ ಬೂದಿ ಸವರಿದ ಸೋರೆಬುರುಡೆಯ ಹುಳಿಹಾಲು ಕುಡಿಸಿತು. ಅಲ್ಲಿಂದ ನೇರ ಅವಳು ಇವರ ಮನೆಗೆ ಬಂದಳು. ಬಾಗಿಲಲ್ಲೇ ಕುಸಿದು ಅತ್ತೆಯ ಮೊಣಕಾಲು ಹಿಡಿದಳು.

"ಅತ್ತೆ, ನೀನು ಹಿಂದೇನೇ ಇದೀಯ ಅಂತ ಗೊತ್ತಿರ್ಲಿಲ್ಲ. ಕಣ್ಣು ಕತ್ತಲೆ ಬಂದಿತ್ತು. ನಿನ್ನಾಣೆ."

"ಏಳೇ ಹುಚ್ಚಿ," ಜೆಮೈಯೊ ಅವಳ ಕೂದಲು ಸವರಿದಳು. "ನೀನು ನೀರ್ ಕೇಳ್ದೆ, ನಿನ್ ಮಾವ ಕೊಟ್ಟ. ಇಲ್ಲ ಅನ್ನೋಕಾಗುತ್ತಾ? ನನ್ ಕೈಯೇ ಸರಿಯಿರ್ಲಿಲ್ಲ. ಆಗ್ಲೇ ಒಂದು ಬೀಳಿಸಿದ್ದೆ."

ಯಾತಿಚ್ ಎದ್ದು ಹಿತ್ತಲಿಗೆ ಹೋದ. ಕಟ್ಟಿಗೆ ಒಡೆಯುವುದೇನೂ ಇರಲಿಲ್ಲ, ಆದರೂ ಒಡೆದ.

ಆಮೇಲೆ ಅವಳು ಎರಡು ಸಣ್ಣ ಓಟ ಓಡಿದಳು. ಎರಡರಲ್ಲೂ ಬಾಟಲಿಯನ್ನು ಮೇಜಿನಿಂದ ಎರಡು ಕೈಯಲ್ಲಿ ಎತ್ತಿಕೊಳ್ಳಲು ನಿಂತೇಬಿಟ್ಟಳು. ಓಟದ ನಡುವೆ ಯಾರಾದರೂ ನಿಲ್ಲುತ್ತಾರೆಯೇ? ನಿಂತಳು. ಮೂರನೆಯದಕ್ಕೆ ಹೋಗಲಿಲ್ಲ. ಬೂಟುಗಳನ್ನು ಶಿಬಿರದ ಹೊಸ ಹುಡುಗಿಯರಿಗೆ ಹಂಚಿದಳು. ಹಸು ನೋಡಿಕೊಂಡಳು, ಆಲೂಗಡ್ಡೆ ಬೆಳೆದಳು, ಮಗಳನ್ನು ಓದಿಸಿದಳು. ಜಗಳವಾಡಲಿಲ್ಲ. ಊಟ ಹಾಕಿದಳು, ಹುಷಾರಿಲ್ಲದಾಗ ಆರೈಕೆ ಮಾಡಿದಳು, ಅವನ ಅಂಗಿಗೆ ಗುಂಡಿ ಹಚ್ಚಿದಳು. ಒಂದೇ ಒಂದು ಬದಲಾಯಿತು. ಯಾರ ಕೈಯಿಂದಲೂ ಅವಳು ಏನನ್ನೂ ತೆಗೆದುಕೊಳ್ಳುವುದಿಲ್ಲ. ಚಹಾ ಕೊಡಲು ಹೋದರೆ "ಅಲ್ಲಿಡು, ನನ್ ಕೈ ನಂಬೋ ಹಾಗಿಲ್ಲ" ಅನ್ನುತ್ತಾಳೆ. ಕೊಂಕಿಲ್ಲ, ಕೋಪವಿಲ್ಲ; ಕಿವುಡರು ತಮ್ಮ ಕಿವಿಯ ವಿಷಯ ಹೇಳಿದ ಹಾಗೆ ಹೇಳುತ್ತಾಳೆ. ತಂಗಿ ತನ್ನ ಹಸುಗೂಸನ್ನು ಎತ್ತಿಕೋ ಎಂದು ಚಾಚಿದಾಗಲೂ ಎರಡು ಹೆಜ್ಜೆ ಹಿಂದೆ ಸರಿದು, "ಚಾಪೆ ಮೇಲೆ ಮಲಗ್ಸು, ನಾನು ಪಕ್ಕ ಕೂತ್ಕೋತೀನಿ" ಅಂದಳು. ಆ ದಿನ ಯಾತಿಚ್ ಉಗಾಲಿ ಮುಟ್ಟಲಿಲ್ಲ.

ಒಂದು ಮಾತು. ಎರಡು ಉಸಿರಿನಲ್ಲಿ ಮುಗಿಯುವ ಮಾತು. ನೀನು ಬೀಳಿಸಲಿಲ್ಲ ಕಣೇ, ನಾನು ಸರಿಯಾಗಿ ಬಿಗಿದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ಅದನ್ನು ಹಸುವಿಗೆ ಹೇಳಿದ್ದಾನೆ, ಗಿರಣಿ ಹಿಂದಿನ ಕೆಸರು ದಾರಿಗೆ ಹೇಳಿದ್ದಾನೆ. ಮೊದಲ ವರ್ಷ ಹೇಳಿದ್ದರೆ ಬೈದು, ಅತ್ತು, ನಾಲ್ಕು ದಿನ ಮಾತು ಬಿಟ್ಟು ಸುಮ್ಮನಾಗುತ್ತಿದ್ದಳೋ ಏನೋ. ಈಗ ಹೇಳಿದರೆ ಇಪ್ಪತ್ತೆಂಟನೇ ಕಿಲೋಮೀಟರಿನ ಲೆಕ್ಕ ಒಂದೇ ಅಲ್ಲ, ಹನ್ನೊಂದು ವರ್ಷದ ಒಂದೊಂದು ಲೋಟದ ಲೆಕ್ಕವನ್ನೂ ಒಪ್ಪಿಸಬೇಕು.

ಮೊನ್ನೆ ಆಲೂಗಡ್ಡೆ ಅಗೆಯುವ ದಿನ. ಮಗಳು ಶಾಲೆಗೆ ಹೋಗಿದ್ದಳು. ಜೆಮೈಯೊ ಸಾಲಿನ ನಡುವೆ ಬಗ್ಗಿ ಗುದ್ದಲಿ ಹಾಕುತ್ತಿದ್ದಳು. ಬೆನ್ನು ಇನ್ನೂ ಓಟಗಾರ್ತಿಯದೇ, ನೆಟ್ಟಗೆ. ಯಾತಿಚ್ ತಂಬಿಗೆಯಲ್ಲಿ ನೀರು ತಂದ. ಇವತ್ತು ಹೇಳಿಯೇ ಬಿಡುವುದು ಎಂದು ಮನೆಯಿಂದ ಬಾಯಲ್ಲಿ ಕಟ್ಟಿಕೊಂಡೇ ಬಂದಿದ್ದ.

"ಜೆಮೈಯೊ."

ಅವಳು ತಲೆಯೆತ್ತಿದಳು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. "ಏನು?"

"ಅವತ್ತು ನೈರೋಬೀಲಿ..."

"ಅಯ್ಯೋ ಬಿಡು ಚೆರೊಪ್ ಅಪ್ಪಾ, ಇನ್ನೂ ಅದನ್ನೇ ಹಿಡ್ಕೊಂಡಿದೀಯಾ," ಅವಳು ಸುಸ್ತಾದ ದನಿಯಲ್ಲಿ, ಆದರೆ ಅಕ್ಕರೆಯಿಂದಲೇ ಅಂದಳು. "ನಿನ್ ಮೇಲೆ ನಂಗೇನೂ ಇಲ್ಲ. ನೀನ್ ಮಾಡೋದೆಲ್ಲ ಸರಿಯಾಗೇ ಮಾಡಿದ್ದೆ. ಬೀಳಿಸಿದ್ದು ನಾನು. ನೀರು ಅಲ್ಲಿಡು."

ಅವನು ತಂಬಿಗೆ ಚಾಚಿದ ಕೈಯಲ್ಲೇ ನಿಂತ. ಬಾಯಿ ತೆರೆದ.

"ಈ ಸಲ ಗೆಡ್ಡೆ ಸಣ್ಣಕ್ಕಿದೆ," ಅಂದ.

"ಹ್ಞೂಂ, ಮಳೆ ತಡ ಆಯ್ತಲ್ಲ," ಅಂದು ಅವಳು ಮತ್ತೆ ಬಗ್ಗಿದಳು. ಅವನು ತಂಬಿಗೆಯನ್ನು ಬದುವಿನ ಮೇಲೆ, ಉರುಳದ ಹಾಗೆ ಮಣ್ಣು ಒತ್ತಿ ಇಟ್ಟ. ಅವಳು ಸಾಲು ಮುಗಿಸಿ ಬರುವವರೆಗೂ ಕಾಯ್ದ. ಅವಳು ಕೂತು, ಎರಡೂ ಕೈಯಲ್ಲಿ ತಂಬಿಗೆ ಎತ್ತಿ ಕುಡಿದಳು. ಅವನು ಹೇಳಬೇಕಾದದ್ದು ಅವತ್ತೂ ಹಾಗೆಯೇ ಉಳಿಯಿತು.